ಸೊಸೈಟಿ ಕೆಲಸದ ಜೊತೆಗೆ ಬ್ಯಾಂಕಿಂಗ್ ಪದವಿ

ಪ್ರಶ್ನೆ: ಶಿರಾದ ಸಹಕಾರ ಸಂಘವೊಂದರಲ್ಲಿ ಗುಮಾಸ್ತ ನಾನು. ಓದಿದ್ದು ಪಿಯುಸಿ ವಾಣಿಜ್ಯ. ದೂರಶಿಕ್ಷಣದಲ್ಲಿ ಬ್ಯಾಂಕಿಂಗ್ ಪದವಿ ಪಡೆದರೆ ಬ್ಯಾಂಕ್ ನೇಮಕಾತಿಗೆ ನಡೆಯುತ್ತದೆಯೇ?
– ಓದುಗ, ಶಿರಾ, ತುಮಕೂರು ಜಿಲ್ಲೆ

ಉತ್ತರ: ಧಾರಾಳವಾಗಿ. ಸರ್ಕಾರಿ ಬ್ಯಾಂಕುಗಳಿಗೆ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್‌ನ ಕ್ಲರ್ಕ್, ಪಿಒ (ಪ್ರೊಬೇಷನರಿ ಅಧಿಕಾರಿ) ಎರಡಕ್ಕೂ ಯಾವುದೇ ಮಾನ್ಯ ಪದವಿ ಸಾಕು. ಹೆಸರಿನಲ್ಲಿ ‘ಬ್ಯಾಂಕಿಂಗ್’ ಇರಬೇಕೆಂದಿಲ್ಲ. ಹಾಗಾಗಿ ಬಿಕಾಂ ಸೇರುವುದೇ ಜಾಣತನ. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯ ಅಥವಾ ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ) ನೋಡಿ. ದುಡ್ಡು ಕಟ್ಟುವ ಮುನ್ನ ಆ ಕೋರ್ಸಿಗೆ ಈ ವರ್ಷದ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾನ್ಯತೆ ಇದೆಯೇ ಎಂದು ಯುಜಿಸಿಯ ದೂರಶಿಕ್ಷಣ ಮಂಡಳಿಯ (ಡೆಬ್) ಜಾಲತಾಣದಲ್ಲೇ ಖಚಿತಪಡಿಸಿಕೊಳ್ಳಿ. ಏಜೆಂಟರ ಮಾತು ಬೇಡ.

ಪ್ರವೇಶಕ್ಕೆ ಆ ಮಂಡಳಿಯ ಗುರುತು ಸಂಖ್ಯೆಯಾದ ಡೆಬ್ ಐಡಿ ಕಡ್ಡಾಯ, ಅದಕ್ಕೆ ಮೊದಲು ಎಬಿಸಿ ಐಡಿ (ಓದಿನ ಕ್ರೆಡಿಟ್‌ಗಳನ್ನು ದಾಖಲಿಸುವ ಆನ್‌ಲೈನ್ ಖಾತೆಯ ಸಂಖ್ಯೆ) ಬೇಕು. ಆಧಾರ್ ಮತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದುಮುಂದಾಗಿದ್ದರೆ ತೊಡಕು ಶುರುವಾಗುವುದೇ ಇಲ್ಲಿ. ಮೊದಲೇ ಸರಿಪಡಿಸಿಕೊಳ್ಳಿ.

ಇಗ್ನೋ ಬಿಕಾಂನಲ್ಲಿ ಅಸೈನ್‌ಮೆಂಟಿಗೆ ಶೇ. 30, ಪರೀಕ್ಷೆಗೆ ಶೇ. 70 ತೂಕ, ಎರಡರಲ್ಲೂ ಬೇರೆ ಬೇರೆಯಾಗಿ ಪಾಸಾಗಬೇಕು. ಹಳೆಯ ವರ್ಷದ ಪ್ರಶ್ನೆಗಳಿಗೆ ಉತ್ತರ ಬರೆದರೆ ತಿರಸ್ಕೃತ. ಜೂನ್ ಪರೀಕ್ಷೆಯ ಅಸೈನ್‌ಮೆಂಟ್ ಕೊಡುವ ಗಡುವು ಸಾಮಾನ್ಯವಾಗಿ ಮಾರ್ಚ್ ಕೊನೆಯ ಆಸುಪಾಸು. ನಿಮ್ಮ ಸಂಘದ ವರ್ಷಾಂತ್ಯದ ಲೆಕ್ಕವೂ ಆಗಲೇ ತಾನೆ? ಫೆಬ್ರವರಿಯಲ್ಲೇ ಬರೆದು ಮುಗಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಪರೀಕ್ಷಾ ಅರ್ಜಿ ಬೇರೆಯದೇ. ಅದನ್ನು ಮರೆತವರೇ ಹೆಚ್ಚು.

ವಯಸ್ಸನ್ನೂ ಲೆಕ್ಕ ಹಾಕಿ: ಪದವಿಗೆ ಕನಿಷ್ಠ ಮೂರು ವರ್ಷ, ಸಾಮಾನ್ಯ ವರ್ಗಕ್ಕೆ ಕ್ಲರ್ಕ್ ಹುದ್ದೆಯ ಮಿತಿ 28, ಪಿಒಗೆ 30.