ಕಾರ್ಖಾನೆಯೇ ಇಲ್ಲದ ಧ್ರುವದ ಸಮುದ್ರದಲ್ಲಿ ಮನುಷ್ಯರ ಮಾಲಿನ್ಯ ಇದೆ ಅಂತ ಹೇಗೆ ಕಂಡುಹಿಡಿಯುತ್ತಾರೆ?

ಸಮುದ್ರದ ತಳದ ಹೂಳು ನೋಡಿ. ಹೂಳು ಪದರದ ಮೇಲೆ ಪದರ ಕೂರುತ್ತದೆ. ಕಾರ್ಖಾನೆಗಳ ಕಾಲಕ್ಕಿಂತ ಹಿಂದಿನ ಪದರದಲ್ಲಿ ಸೀಸ, ಪಾದರಸ ಎಷ್ಟಿತ್ತು, ಮೇಲಿನದರಲ್ಲಿ ಎಷ್ಟಿದೆ ಎಂದು ಹೋಲಿಸುತ್ತಾರೆ.

ನಮ್ಮ ಧಾರವಾಡದ ಕಡೆ ಕೆರೆ ಹೂಳೆತ್ತುವಾಗ ಜೆಸಿಬಿ ಕಡಿದ ಗೋಡೆ ನೋಡಿ. ಮೇಲೆ ಗುಟ್ಕಾ ಚೀಟಿ, ಹಾಲಿನ ಪಾಕೀಟು. ಎರಡು ಮೂರು ಅಡಿ ಕೆಳಗೆ ಬರೀ ಎರೆಮಣ್ಣು. ಅದೇ ಲೆಕ್ಕ. ಸಮುದ್ರದ ತಳಕ್ಕೆ ಕೊಳವೆ ಇಳಿಸಿ ಹೂಳಿನ ಕಂಬವನ್ನೇ ಎತ್ತಿ, ತೆಳ್ಳಗೆ ಬಿಲ್ಲೆ ಕೊಯ್ಯುತ್ತಾರೆ.

ಪದರದ ವಯಸ್ಸು? ಸೀಸ-210 ಎಂಬ ವಿಕಿರಣ ಸೂಸುವ ಸೀಸ ಸುಮಾರು 22 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಎಷ್ಟು ಉಳಿದಿದೆ ನೋಡಿದರೆ ವಯಸ್ಸು ಸಿಗುತ್ತದೆ. 1963ರ ಸುಮಾರಿಗೆ ಅಣುಬಾಂಬ್ ಪರೀಕ್ಷೆಗಳಿಂದ ಉದುರಿದ ಸೀಸಿಯಂ-137 ಎಂಬ ಬೇರೊಂದು ವಿಕಿರಣ ಧಾತು ಇನ್ನೊಂದು ಗುರುತು.

ಸರಿ, ಮೇಲಿನ ಪದರದಲ್ಲಿ ಹೆಚ್ಚು ಸಿಕ್ಕ ಸೀಸ ಅಲ್ಲಿನ ಬಂಡೆಯದ್ದೇ ಇರಬಹುದಲ್ವಾ? ಇರಬಹುದು. ಆದರೆ ಸೀಸದಲ್ಲಿ ತೂಕ ಸ್ವಲ್ಪ ಬೇರೆಯಾದ ಬಗೆಗಳಿವೆ, ಇವನ್ನು ಐಸೊಟೋಪ್ ಅನ್ನುತ್ತಾರೆ. ಅವುಗಳ ಪಾಲು ಒಂದೊಂದು ಅದಿರಿನಲ್ಲಿ ಒಂದೊಂದು ಥರ. ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ ಗಾಳಿಯಲ್ಲಿ ಸಾವಿರಾರು ಕಿಲೋಮೀಟರ್ ಹೋಗಿ ಬಿದ್ದರೂ ಆ ಗುರುತು ಅಳಿಯುವುದಿಲ್ಲ. ನನಗೆ ಇದೇ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅನಿಸುತ್ತದೆ. ಬರೀ ಪ್ರಮಾಣ ನಂಬಿದರೆ ಮೋಸ ಹೋಗಬಹುದು, ಯಾಕೆಂದರೆ ತಳದ ಹುಳುಗಳು ಪದರಗಳನ್ನು ಕಲಸಿಬಿಡುತ್ತವೆ.

ಉತ್ತರ ಧ್ರುವದ ಹತ್ತಿರದ ನಾರ್ವೆಯ ದ್ವೀಪಗಳಾದ ಸ್ವಾಲ್ಬಾರ್ಡ್‌ನಲ್ಲಿ 2008ರಿಂದ ಭಾರತದ ‘ಹಿಮಾದ್ರಿ’ ಕೇಂದ್ರವಿದೆ. ಪಕ್ಕದ ಸಮುದ್ರದ ಕೊಲ್ಲಿ ಕಾಂಗ್ಸ್‌ಫ್ಯೋರ್ಡ್‌ನ ಹೂಳನ್ನು ನಮ್ಮವರೂ ಪರೀಕ್ಷಿಸಿದ್ದಾರೆ. ಅಲ್ಲಿ 1960ರ ದಶಕದ ಆರಂಭದವರೆಗೆ ಕಲ್ಲಿದ್ದಲು ಗಣಿ ಇತ್ತು. ಹಾಗಾಗಿ ಗಾಳಿ ತಂದದ್ದು ಯಾವುದು, ಗಣಿಯದ್ದು ಯಾವುದು ಅಂತ ಬೇರ್ಪಡಿಸುವ ಕೆಲಸವೂ ಸೇರಿಕೊಳ್ಳುತ್ತದೆ.