ಹಾಸ್ಪೈಸ್ ರೋಗಿಗಳ ಮನೆಗೆ ಫೋನ್ ಮಾಡಿದಾಗ ಏನು ಕೇಳಬೇಕು?

ಬೆಂಗಳೂರಿನ ಕರುಣಾಶ್ರಯದಂಥ ಹಾಸ್ಪೈಸ್‌ನ (ಗುಣವಾಗದ ಹಂತದ ಕ್ಯಾನ್ಸರ್‌ನಂಥ ಕಾಯಿಲೆಯವರನ್ನು ಕೊನೆಯ ದಿನಗಳಲ್ಲಿ ನೋಡಿಕೊಳ್ಳುವ ಕೇಂದ್ರ) ಪರವಾಗಿ ರೋಗಿಗಳ ಮನೆಗೆ ಸ್ವಯಂಸೇವಕರಾಗಿ ಫೋನ್ ಮಾಡಬೇಕು, ‘ಹೇಗಿದ್ದೀರಿ’ ಅಂದ ಮೇಲೆ ಮಾತೇ ಮುಂದೆ ಹೋಗುವುದಿಲ್ಲ ಎಂದು ಬರೆದಿದ್ದೀರಿ. ಆ ಪ್ರಶ್ನೆಗೆ ‘ಪರವಾಗಿಲ್ಲ’ ಅಂತಲೇ ಉತ್ತರ ಬರುತ್ತದೆ, ಅಲ್ವಾ? ಬದಲಿಗೆ ‘ರಾತ್ರಿ ನೋವಿಗೆ ಎಚ್ಚರ ಆಯ್ತಾ?’ ಎಂದು ಕೇಳಿ. ಮಾರ್ಫಿನ್ ಎಂಬ ನೋವಿನ ಮಾತ್ರೆ ತೆಗೆದುಕೊಳ್ಳುವವರಾದರೆ ಮೋಷನ್ ಸರಿಯಾಗಿ ಆಗ್ತಿದೆಯಾ ಎಂದು ಸಂಕೋಚವಿಲ್ಲದೆ ಕೇಳಿ. ಆ ಮಾತ್ರೆಗೆ ಮಲಬದ್ಧತೆ ತುಂಬಾ ಸಾಮಾನ್ಯ. ಅದಕ್ಕೆ ಬೇಸತ್ತು ಕೆಲವರು ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ, ನೋವು ಮತ್ತೆ ಜಾಸ್ತಿಯಾಗುತ್ತದೆ. ಡೋಸ್ ಬಗ್ಗೆ ಮಾತ್ರ ನೀವೇನೂ ಹೇಳಬೇಡಿ, ಅವತ್ತೇ ಹೋಮ್ ಕೇರ್ ನರ್ಸ್‌ಗೆ ತಿಳಿಸಿ.

ಇನ್ನೊಂದು ಮಾತು. ನಮ್ಮ ಎಷ್ಟೋ ಮನೆಗಳಲ್ಲಿ ರೋಗಿಗೆ ಕ್ಯಾನ್ಸರ್ ಅಂತ ಹೇಳಿರುವುದಿಲ್ಲ. ಫೋನ್ ಸ್ಪೀಕರ್‌ನಲ್ಲಿರಬಹುದು. ಅವರಾಗಿ ಆ ಹೆಸರು ಎತ್ತುವವರೆಗೆ ನೀವು ಎತ್ತಬೇಡಿ.

ನೋಡಿಕೊಳ್ಳುತ್ತಿರುವವರನ್ನೂ ವಿಚಾರಿಸಿ. ‘ನೀವು ಊಟ ಮಾಡಿದ್ರಾ ಅಮ್ಮಾ?’ ಅಂದರೆ ಸಾಕು, ತಡೆದಿಟ್ಟಿದ್ದೆಲ್ಲ ಹೊರಗೆ ಬರುತ್ತದೆ. ಅತ್ತರೆ ಸಮಾಧಾನದ ಮಾತಿಗೆ ತಡಕಾಡಬೇಡಿ. ಸುಮ್ನೆ ಕೇಳಿಸಿಕೊಳ್ಳಿ, ಅದೇ ದೊಡ್ಡ ಸಹಾಯ.

ಪ್ರತಿ ಸಲ ಡಯಲ್ ಮಾಡುವ ಮುಂಚೆ ಅವತ್ತಿನ ರೋಗಿಗಳ ಪಟ್ಟಿ ನೋಡಿಕೊಳ್ಳಿ. ತೀರಿಕೊಂಡವರ ಮನೆಗೆ ‘ಅವರು ಹೇಗಿದ್ದಾರೆ’ ಎಂಬ ಫೋನ್ ಹೋಗಲೇಬಾರದು.