ಶಬ್ದದಿಂದ ಲೇಸರ್ ಬೆಳಕನ್ನು ನಿಯಂತ್ರಿಸುವುದು ನಿಜವೇ?

ಸ್ಪೀಕರ್ ಮುಂದೆ ಲೇಸರ್ ಪಾಯಿಂಟರ್ ಹಿಡಿದರೂ ಗೋಡೆಯ ಮೇಲಿನ ಚುಕ್ಕೆ ಅಲ್ಲಾಡಲಿಲ್ಲ, ಹಾಗಾದರೆ ಶಬ್ದದಿಂದ ಬೆಳಕನ್ನು ನಿಯಂತ್ರಿಸುತ್ತಾರೆ ಅನ್ನೋದು ಸುಳ್ಳಾ ಅಂತ ಕೇಳಿದ್ದೀರಿ. ಸುಳ್ಳಲ್ಲ. ನಾನಿರುವ ಲ್ಯಾಬಿನಲ್ಲಿ ಇದು ದಿನನಿತ್ಯದ ಕೆಲಸ. ಆದರೆ ಆ ಶಬ್ದ ಕಿವಿಗೆ ಕೇಳುವಂಥದ್ದಲ್ಲ, ಅದು ಓಡಾಡುವುದು ಗಾಳಿಯಲ್ಲೂ ಅಲ್ಲ.

ಸಾಧನದ ಹೆಸರು ಅಕೌಸ್ಟೋ-ಆಪ್ಟಿಕ್ ಮಾಡ್ಯುಲೇಟರ್, ನಾವು ಎಒಎಂ ಅನ್ನುತ್ತೇವೆ. ಒಳಗಿರುವುದು ಟೆಲ್ಲೂರಿಯಂ ಡೈಆಕ್ಸೈಡ್‌ನಂಥ ಒಂದು ಪುಟ್ಟ ಹರಳು. ಅದರ ಒಂದು ಬದಿಗೆ ಪೀಜೋ ತುಣುಕು, ಅಂದರೆ ವಿದ್ಯುತ್ ಕೊಟ್ಟರೆ ಕಂಪಿಸುವ ತುಣುಕು, ಅಂಟಿಸಿರುತ್ತಾರೆ. ಅದಕ್ಕೆ, ಉದಾಹರಣೆಗೆ, 80 ಮೆಗಾಹರ್ಟ್ಸ್ ವಿದ್ಯುತ್ ಸಿಗ್ನಲ್ ಕೊಟ್ಟರೆ ಹರಳಿನೊಳಗೆ ಶಬ್ದದ ಅಲೆ ಸೆಕೆಂಡಿಗೆ ಸುಮಾರು 4200 ಮೀಟರ್ ವೇಗದಲ್ಲಿ ಹೊರಡುತ್ತದೆ. ಅಲೆ ಒತ್ತಿದ ಕಡೆ ವಕ್ರೀಭವನಾಂಕ (ಹರಳು ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ) ಚೂರು ಜಾಸ್ತಿ, ಸಡಿಲಿಸಿದ ಕಡೆ ಚೂರು ಕಮ್ಮಿ. ಹೀಗೆ ಸುಮಾರು 52 ಮೈಕ್ರಾನ್‌ಗೊಂದರಂತೆ ಗೆರೆಗಳಿರುವ ಗ್ರೇಟಿಂಗ್, ಅಂದರೆ ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಗೆರೆಗಳ ಸಾಲು, ಸಿದ್ಧ. ಲೇಸರ್ ಕಿರಣದ ಒಂದು ಪಾಲು ಅಲ್ಲಿ ಪಕ್ಕಕ್ಕೆ ತಿರುಗುತ್ತದೆ. ಕೆಂಪು ಬೆಳಕಾದರೆ ಒಂದು ಡಿಗ್ರಿಗೂ ಕಮ್ಮಿ, ಅಷ್ಟೇ. ನಿಮ್ಮ ಸ್ಪೀಕರಿನ 1 ಕಿಲೋಹರ್ಟ್ಸ್ ಶಬ್ದದ ಅಲೆ ಗಾಳಿಯಲ್ಲಿ ಒಂದು ಅಡಿಗಿಂತ ಉದ್ದ. ಸಣ್ಣ ಕಿರಣಕ್ಕೆ ಅಲ್ಲಿ ಗೆರೆಗಳೇ ಸಿಗುವುದಿಲ್ಲ.

ಇಷ್ಟು ಕಮ್ಮಿ ತಿರುಗಿಸಿ ಏನು ಪ್ರಯೋಜನ ಅನ್ನಬಹುದು. ಸಿಗ್ನಲ್ ನಿಲ್ಲಿಸಿದರೆ ತಿರುಗಿದ ಕಿರಣ ಮಾಯ, ಕೊಟ್ಟರೆ ಹಾಜರು. ಶಬ್ದದ ಅಲೆ ಲೇಸರ್ ಕಿರಣವನ್ನು ದಾಟಲು ಹಿಡಿಯುವಷ್ಟು ಹೊತ್ತು ಸಾಕು: 1 ಮಿಲಿಮೀಟರ್ ಅಗಲದ ಕಿರಣಕ್ಕೆ ಸುಮಾರು 240 ನ್ಯಾನೋಸೆಕೆಂಡ್. ಇನ್ನೂ ಬೇಗ ಬೇಕಾದರೆ ಲೆನ್ಸ್ ಇಟ್ಟು ಕಿರಣವನ್ನು ಕಿರಿದು ಮಾಡುತ್ತೇವೆ. ಯಾವ ಮೆಕ್ಯಾನಿಕಲ್ ಶಟರ್ರೂ ಇದರ ಹತ್ತಿರ ಸುಳಿಯಲಾರದು. ಇದಕ್ಕೆ ಬಳಸಬೇಕಾದದ್ದು ಮಾತ್ರ ತಿರುಗಿದ ಕಿರಣವನ್ನೇ. ನೇರ ಹೋಗುವ ಕಿರಣ ಎಷ್ಟು ಪವರ್ ಕೊಟ್ಟರೂ ಪೂರ್ತಿ ಆರುವುದಿಲ್ಲ.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಬೇರೆ. ಈ ಗ್ರೇಟಿಂಗ್ ಓಡುತ್ತಿರುತ್ತದಲ್ವಾ? ಹತ್ತಿರ ಬರುವ ರೈಲಿನ ಹಾರ್ನ್ ಕೀಚಾಗಿ ಕೇಳುವ ಹಾಗೆ, ತಿರುಗಿದ ಬೆಳಕಿನ ಆವರ್ತನವೂ ಸರಿಯಾಗಿ 80 ಮೆಗಾಹರ್ಟ್ಸ್ ಏರುತ್ತದೆ. ಕಿರಣ ಬೀಳುವ ಕೋನ ಬದಲಿಸಿದರೆ ಅಷ್ಟೇ ಇಳಿಯುತ್ತದೆ. ಕೆಂಪು ಬೆಳಕಿನ ಆವರ್ತನದ ಮುಂದೆ ಇದು ಸುಮಾರು 60 ಲಕ್ಷದಲ್ಲಿ ಒಂದು ಪಾಲು. ಕಣ್ಣಿಗೆ ಬಣ್ಣ ಅದೇ. ಆದರೆ ಲೇಸರ್‌ನಿಂದ ತಣಿಸುವ ರುಬಿಡಿಯಂ ಪರಮಾಣು ಸುಮಾರು 6 ಮೆಗಾಹರ್ಟ್ಸ್ ಅಗಲದೊಳಗಿನ ಬೆಳಕನ್ನಷ್ಟೇ ಚೆನ್ನಾಗಿ ಹೀರುತ್ತದೆ. ಅದಕ್ಕೆ 80 ಅಂದರೆ ಬಹಳ ದೂರ. ಲೇಸರನ್ನು ಮುಟ್ಟದೆ, ಸಿಗ್ನಲ್‌ನ ಆವರ್ತನ ಮಾತ್ರ ಬದಲಿಸಿ ಬೆಳಕನ್ನು ಬೇಕಾದಲ್ಲಿಗೆ ತರುವುದು ಈ ಹರಳಿನಿಂದಲೇ.

ವಿಷಯ ಹೊಸದಲ್ಲ. 1922ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಬ್ರಿಲ್ವಾ ಹೀಗಾಗಬೇಕು ಅಂದರು, 1932ರಲ್ಲಿ ಅಮೆರಿಕದಲ್ಲಿ ಡಿಬೈ-ಸಿಯರ್ಸ್ ಮತ್ತು ಫ್ರಾನ್ಸಿನಲ್ಲಿ ಲೂಕಾ-ಬಿಕಾರ್ ಮಾಡಿ ತೋರಿಸಿದರು. ನೇರ ಕಿರಣದ ಎರಡೂ ಬದಿಗೆ ಒಂದಲ್ಲ, ಹಲವು ಚುಕ್ಕೆ ಯಾಕೆ ಬರುತ್ತವೆ ಅನ್ನುವುದನ್ನು 1935-36ರಲ್ಲಿ ವಿವರಿಸಿದ್ದು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಇದ್ದ ಸಿ.ವಿ. ರಾಮನ್ ಮತ್ತು ನಾಗೇಂದ್ರನಾಥ್. ತೆಳು ಹರಳು, ಕಮ್ಮಿ ಆವರ್ತನ ಇದ್ದಾಗ ಬರುವ ಆ ಸಾಲು ಚುಕ್ಕೆಗಳಿಗೆ ಇವತ್ತಿಗೂ ಜಗತ್ತಿನಾದ್ಯಂತ ರಾಮನ್-ನಾಥ್ ಅನ್ನುವ ಹೆಸರೇ.

ಅದನ್ನು ನೀವೂ ನೋಡಬಹುದು. ಹಲವು ಡಿಗ್ರಿ ಕಾಲೇಜುಗಳ ಫಿಸಿಕ್ಸ್ ಲ್ಯಾಬಿನಲ್ಲಿ ಅಲ್ಟ್ರಾಸಾನಿಕ್ ಗ್ರೇಟಿಂಗ್ ಪ್ರಯೋಗ ಇರುತ್ತದೆ. ನೀರು ತುಂಬಿದ ಗಾಜಿನ ತೊಟ್ಟಿಯಲ್ಲಿ 3 ಮೆಗಾಹರ್ಟ್ಸ್ ಶಬ್ದ ಹಾಯಿಸಿ, ಅಡ್ಡವಾಗಿ ಕೆಂಪು ಲೇಸರ್ ಬಿಟ್ಟರೆ, 3 ಮೀಟರ್ ದೂರದ ಗೋಡೆಯ ಮೇಲೆ ಸುಮಾರು 4 ಮಿಲಿಮೀಟರ್ ಅಂತರದಲ್ಲಿ ಚುಕ್ಕೆಗಳು ಮೂಡುತ್ತವೆ. ಚುಕ್ಕೆಗಳ ಅಂತರ ಅಳೆದು ನೀರಿನಲ್ಲಿ ಶಬ್ದದ ವೇಗವನ್ನೂ ಲೆಕ್ಕ ಹಾಕಬಹುದು, ಸೆಕೆಂಡಿಗೆ 1500 ಮೀಟರ್ ಆಸುಪಾಸು ಬರಬೇಕು.